ಕೆಮ್ಮಣ್ಣಿನ ಮೊಸ್ಕಿಯೋನ್

ನಮ್ಮ ಅಥೆನ್ಸಿನಲ್ಲಿ ಜನಸಭೆಯ ದಿನ ಬೆಳಿಗ್ಗೆ ಕಾವಲಿನವರು ಕೆಮ್ಮಣ್ಣು ಮೆತ್ತಿದ ಉದ್ದನೆಯ ಹಗ್ಗವನ್ನು ಎರಡೂ ತುದಿಯಲ್ಲಿ ಹಿಡಿದು, ಪೇಟೆಯಲ್ಲಿ ಕಾಲಹರಣ ಮಾಡುವವರನ್ನು ಸಭೆಯ ಗುಡ್ಡದತ್ತ ದನ ಅಟ್ಟಿದಂತೆ ಅಟ್ಟುತ್ತಾರೆ. ಆ ಹಗ್ಗ ತಪ್ಪದೆ ಬಳಿಯುವುದು ನನ್ನ ನೆರೆಯವನಾದ ಚಪ್ಪಲಿ ಹೊಲಿಯುವ ಮೊಸ್ಕಿಯೋನನ ಬೆನ್ನಿಗೆ. ಆಗ ಅವನು ತಾನು ಎಂದೂ ಕೊಳ್ಳದ ಹಾವುಮೀನಿನ ಕಿವಿರು ಎತ್ತಿ ನೋಡುತ್ತಿರುತ್ತಾನೆ. “ನಡಿಯೋ ದೊರೆ, ಊರು ಆಳೋಕೆ ಹೊತ್ತಾಯ್ತು” ಎಂದು ನಾನು ಕೆಣಕಿದರೆ, “ಆಳೋರು ಬೇಕಾದಷ್ಟು ಜನ ಇದಾರೆ, ಪಾಪ ಈ ಮೀನನ್ನ ಕೇಳೋರಿಲ್ಲ” ಎನ್ನುತ್ತಾನೆ. ಸಭೆಯಲ್ಲಿ ಎಲ್ಲರೂ ಕೈ ಎತ್ತಿ ತೀರ್ಮಾನ ಮಾಡುವಾಗ ಇವನ ಎರಡು ಕೈಗಳೂ ತೊಡೆಯ ಕೆಳಗಿರುತ್ತವೆ. ಮನೆಗೆ ಹೋದರೆ ಹೆಂಡತಿ ನಿಕಾರೆಟೆ, “ಈ ಬಟ್ಟೆನ ಪೂರ್ತಿ ಕೆಂಪು ಬಣ್ಣಕ್ಕೇ ಅದ್ದಿಬಿಡ್ತೀನಿ, ಒಗೆಯೋದಾದ್ರೂ ತಪ್ಪುತ್ತೆ” ಎಂದು ಗೊಣಗುತ್ತಾಳೆ. ಊರು ಅವನನ್ನು ಸೋಮಾರಿ ಎನ್ನುತ್ತದೆ, ನಾನು ಅನ್ನುವುದಿಲ್ಲ. ಎಂಟು ವರ್ಷದ ಹಿಂದೆ, ಯುದ್ಧಕ್ಕೆ ಹಡಗುಗಳನ್ನು ಕಳಿಸೋಣವೇ ಎಂದು ಸಭೆಯನ್ನು ಕೇಳಿದ ದಿನ, ಅವನು ಯಾರೂ ಅಟ್ಟದೆ ನಸುಕಿನಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಕೈ ಎತ್ತಿದ್ದ. ಆ ಹಡಗುಗಳಲ್ಲೊಂದರಲ್ಲಿ ಹುಟ್ಟು ಹಾಕಲು ಹೋದ ಅವನ ಒಬ್ಬನೇ ಮಗ ಹಿಂತಿರುಗಲಿಲ್ಲ. ಕೈ ಎತ್ತಿದ ಆ ದಿನ ಮೊಸ್ಕಿಯೋನನ ಬಟ್ಟೆಯ ಮೇಲೆ ಒಂದು ಚುಕ್ಕೆ ಕೆಂಪೂ ಇರಲಿಲ್ಲ.