ಮಲಗಿದವರ ಅಳತೆ

ನ್ಯುಮೋನಿಯಾ ಎದೆ ತುಂಬಿಕೊಂಡು, ನಮ್ಮೂರು ಶಾಗ್ಯದಿಂದ ಕೊಳ್ಳೇಗಾಲದ ಆಸ್ಪತ್ರೆಗೆ ಕರೆತರುವಷ್ಟರಲ್ಲಿ ನನ್ನ ಗಂಡನಿಗೆ ಮಾತಾಡಲೂ ಉಸಿರಿರಲಿಲ್ಲ. ಮಂಪರು ಬರಿಸಿ, ಗಂಟಲಿಗೆ ಕೊಳವೆ ಇಳಿಸಿ, ವೆಂಟಿಲೇಟರಿಗೆ ಹಾಕಿದರು. ಆಮೇಲೆ ನನ್ನನ್ನೂ ಅತ್ತೆಯನ್ನೂ ಒಳಗೆ ಬಿಟ್ಟರು.

ಆಗಲೇ ನರ್ಸಮ್ಮ ಟೇಪು ತಂದು ಮಲಗಿದ್ದ ನನ್ನ ಗಂಡನನ್ನು ತಲೆಯಿಂದ ಹಿಮ್ಮಡಿವರೆಗೆ ಅಳೆಯತೊಡಗಿದರು.

ನಮ್ಮ ಮನೆಗಳಲ್ಲಿ ಮಲಗಿರುವವರನ್ನು ಅಳೆಯುವುದು ಒಂದೇ ಕೆಲಸಕ್ಕೆ, ಹೂಳುವ ಗುಣಿ ತೋಡುವುದಕ್ಕೆ. ನಿದ್ದೆಯಲ್ಲಿರುವ ಮಗುವನ್ನೂ ಎಬ್ಬಿಸಿ ನಿಲ್ಲಿಸಿಯೇ ಅಂಗಿಗೆ ಅಳತೆ ತೆಗೆಯುತ್ತೇವೆ. ಅತ್ತೆ ಟೇಪು ಕಿತ್ತುಕೊಂಡೇಬಿಟ್ಟರು.

"ಉಸ್ರಾಡೋ ಮಗನ್ನ ಅಳೀತಿದ್ದೀಯಲ್ಲವ್ವಾ, ನಿನ್ ಕೈಗೇನ್ ಬಂದದೆ?"

ಆ ನರ್ಸಮ್ಮ ಪುಣ್ಯಾತ್ಗಿತ್ತಿ, ರೇಗದೆ ಡಾಕ್ಟರನ್ನು ಕರೆದರು. ಡಾಕ್ಟರು ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿದರು.

"ಇದು ಗಾಳಿಗೆ ಅಳತೆ ಕಣಮ್ಮ. ಶ್ವಾಸಕೋಶ ಎಷ್ಟು ದೊಡ್ಡದು ಅಂತ ಎತ್ತರ ನೋಡಿದ್ರೆ ಅಂದಾಜಾಗುತ್ತೆ, ತೂಕ ನೋಡಿದ್ರೆ ಆಗಲ್ಲ. ಈಗ ಅದರಲ್ಲಿ ಸ್ವಲ್ಪ ಭಾಗವಷ್ಟೇ ಕೆಲಸ ಮಾಡ್ತಿದೆ. ಜಾಸ್ತಿ ಗಾಳಿ ತುಂಬಿದ್ರೆ ಅದಕ್ಕೇ ಪೆಟ್ಟು."

ನನ್ನ ಗಂಡ ಕುಳ್ಳು, ದಪ್ಪ. ಅತ್ತೆಗೆ ಆ ಹೊಟ್ಟೆಯೇ ಹೆಮ್ಮೆ.

"ಮೈ ತುಂಬ್ಕಂಡಿರೋನು ಸಾ, ವಸಿ ಜಾಸ್ತಿನೇ ಬುಡಿ" ಎಂದರು, ಇನ್ನೊಂದು ಮುದ್ದೆ ಹಾಕಿ ಎನ್ನುವ ಹಾಗೆ. ಡಾಕ್ಟರು ನಕ್ಕರೇ ಹೊರತು ಒಪ್ಪಲಿಲ್ಲ. ಅತ್ತೆ ಟೇಪು ವಾಪಸ್ಸು ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತರು.

ಆಮೇಲೆ ಅವರೆಲ್ಲ ಸಣ್ಣ ಸಣ್ಣ ಉಸಿರು ಕೊಟ್ಟು, ರಕ್ತ ಪರೀಕ್ಷೆ ನೋಡಿ ಒತ್ತಡ ಏರಿಸಿ ಇಳಿಸಿ, ಬೋರಲು ಮಲಗಿಸಿ, ಇವರ ಮೈಗೇ ಹೊಲಿದ ಅಂಗಿಯ ಹಾಗೆ ಆ ಯಂತ್ರವನ್ನು ಇವರಿಗೆ ಹೊಂದಿಸಿದರು. ಪಕ್ಕದ ಮಂಚದವರಿಗೆ ಬೇರೆಯೇ ಲೆಕ್ಕ. ಕೊಳವೆ ತೆಗೆದ ದಿನ ಇವರು ಸ್ವಂತ ಉಸಿರೆಳೆದರು. ನಾನು ದೇವರಿಗೆ ಹರಕೆ ಹೊತ್ತವಳು, ಸುಳ್ಳೇಕೆ ಹೇಳಲಿ, ಮೊದಲು ಕೈಮುಗಿದದ್ದು ಆ ನರ್ಸಮ್ಮನಿಗೆ. ಅತ್ತೆಯಂತೂ ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಮನೆಗೆ ಬಂದ ಮೇಲೆ ಹಳೆಯ ಅಂಗಿಗಳೆಲ್ಲ ಜೋಲಾಡತೊಡಗಿದವು. ಅತ್ತೆಯೂ ಸೇರಿ ಮೂವರೂ ಹನೂರಿನ ಟೈಲರ ಹತ್ತಿರ ಹೋದೆವು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬಂದು ಇವರು ಬೆಂಚಿನ ಮೇಲೆ ಕುಸಿದರು.

"ಕೂತ್ಕಂಡೇ ಇರಿ, ನಾನೇ ಅಳತೆ ತಕತೀನಿ" ಎಂದ ಟೈಲರು ಟೇಪು ಬಿಚ್ಚಿದರು.

ಅತ್ತೆ ಅಡ್ಡ ಬಂದರು. ಕಣ್ಣು ತುಂಬಿತ್ತು.

"ವಸಿ ಸುಧಾರಿಸ್ಕಳ್ಲಿ ತಡೀರಿ. ನನ್ ಮಗ ನಿಂತ್ಕಂಡೇ ಅಳ್ತೆ ಕೊಡ್ತಾನೆ."

ಇವರು ನನ್ನ ಹೆಗಲು ಹಿಡಿದು ಎದ್ದು ನಿಂತರು.