ಜಾರಿದ ಅಳತೆ ಕೋಲು

ಬೆಳಿಗ್ಗೆ ಅಳತೆ ಕೋಲಿನ ಲಾಕ್ ಬಿದ್ದೇ ಇರ್ಲಿಲ್ಲ ಅಂತ ಗೊತ್ತಾದಾಗ ನಾನು ಹೊಳೆ ಪಕ್ಕ ನಿಂತು ಅದನ್ನ ಮಡಚ್ತಾ ಇದ್ದೆ. ಸರ್ ಮೇಲೆ ಊರ ಜನ ಸೇರೋ ಹಾಲ್‌ನಲ್ಲಿ ಮುಖಂಡನಿಗೆ ಲೆಕ್ಕ ಹೇಳ್ತಾ ಇದ್ರು.

ಸರ್ ಉಡುಪಿಯವ್ರು, ಈ ಪರದೇಶದಲ್ಲಿ ನಿಲಾಯ್ ಅನ್ನೋ ಊರಲ್ಲಿ ಲೆಕ್ಚರರ್. ಹೊಳೆ ಉಕ್ಕಿದ್ರೆ ನೀರು ಎಲ್ಲೀವರೆಗೆ ಬರುತ್ತೆ ಅಂತ ಅಳೀತಾರೆ. ನಾನು ಎಂಟನೇ ಕ್ಲಾಸ್‌ಗೇ ಬಿಟ್ಟವ್ನು. ಅವ್ರ ಕಾರ್ ಓಡಿಸ್ತೀನಿ, ಕೋಲು ಹಿಡೀತೀನಿ. ಈ ಬೆಟ್ಟದೂರಿಗೆ ಬಂದಿದ್ದು ಒಂದೇ ವಿಷಯಕ್ಕೆ. ಹೊಳೆ ಬಂದ್ರೆ ಜನ ಹಾಲ್‌ನಲ್ಲಿ ಕೂರಬಹುದಾ, ಬೇಡ್ವಾ?

ಹೊಳೆ ಪಕ್ಕ ಟೀ ಅಂಗಡಿ ನಡೆಸೋ ತಮಿಳು ಅಕ್ಕ ಬೆಳಿಗ್ಗೆ ಗೋಡೆ ಮೇಲೆ ಹಳೇ ನೀರಿನ ಗುರುತು ತೋರಿಸಿದ್ರು, ನನ್ನ ತಲೆಗಿಂತ ಮೇಲೆ. ಅಂಗಡಿ ತಗ್ಗಲ್ಲಿದೆ. ಹೊಸ್ತಿಲ ಮೇಲೆ ನಿಲ್ಲಿಸಿದ ಕೋಲು ಮೇಲೆ ಸರ್ ಇಟ್ಟಿರೋ ದುರ್ಬೀನು ಮಶೀನಿಗೆ ಕಾಣ್ಬೇಕು ಅಂದ್ರೆ ಪೂರ್ತಿ ಎಳೀಬೇಕು. ಎಳೆದ್ಮೇಲೆ ಟಕ್ ಅಂತ ಸದ್ದು ಬರೋವರೆಗೂ ಕಾಯ್ಬೇಕು. ನಾನು ಕಾಯ್ಲಿಲ್ಲ. ಮೇಲಿನ ತುಂಡು ಒಂದು ಗೇಣು ಕೆಳಗೆ ಕೂತಿತ್ತು. ಅದ್ರಿಂದ ಮಶೀನಲ್ಲಿ ನಂಬರ್ ಒಂದು ಗೇಣು ಹೆಚ್ಚಿಗೆ ಕಾಣ್ತು, ಲೆಕ್ಕದಲ್ಲಿ ಅಂಗಡಿ ಅಷ್ಟು ತಗ್ಗಿತು, ಅದರ ಗೋಡೆ ಮೇಲಿನ ನೀರಿನ ಗುರುತೂ ತಗ್ಗಿತು. ಹಾಲ್ ಅಳೆಯುವಾಗ ಕೋಲು ಎಳೆಯೋ ಕೆಲ್ಸಾನೇ ಇಲ್ಲ, ಅದು ಸರಿ ಇತ್ತು. ಅದಕ್ಕೇ ಹಾಲ್ ನೆಲ ಹಳೇ ನೀರಿಗಿಂತ ನಾಲ್ಕು ಬೆರಳು ಮೇಲೆ ಅಂತ ಬಂತು.

ಬೆಟ್ಟದ ಮೇಲೆ ಮಳೆ. ಹೊಳೆ ಕೆಂಪಾಗಿ ಕೊಂಬೆ ಎಳ್ಕೊಂಡು ಬರ್ತಾ ಇತ್ತು. ಅಕ್ಕ ಗಂಡನ ಬಟ್ಟೆ ಕಟ್ತಾ ಇದ್ರು. ಗಂಡನಿಗೆ ಲಕ್ವ, ಎದ್ದು ಕೂರಕ್ಕೂ ಆಗಲ್ಲ. ಹಾಲ್‌ಗೆ ಕರ್ಕೊಂಡು ಬಾ ಅಂತ ಮುಖಂಡ ಆಗ್ಲೇ ಹೇಳಿ ಕಳಿಸಿದ್ದ.

ಸುಮ್ನಿರೋಣ ಅಂತ ಒಂದು ಕ್ಷಣ ಅನ್ನಿಸ್ತು. ಹಿಂದಿನ ವಾರ ಟೇಪ್ ಕಳೆದಿದ್ದೆ, ಇನ್ನೊಂದು ತಪ್ಪಾದ್ರೆ ಮನೆಗೆ ಹೋಗು ಅಂದಿದ್ರು ಸರ್. ಆದ್ರೆ ಮಲಗಿದವನ ಬಾಯಿಗೆ ಒಂದು ಗೇಣು ನೀರು ಸಾಕು. ಓಡಿದೆ.

"ಸರ್, ಅಂಗಡಿ ಅಳತೆ ತಪ್ಪು. ಲಾಕ್ ಹಾಕಿರ್ಲಿಲ್ಲ ನಾನು."

ಸರ್ ಕನ್ನಡಕ ತೆಗೆದ್ರು. "ಎಂತ ಮಾರಾಯ, ನಿಂಗೆ ಈಗ ನೆನಪಾದ್ದಾ?"

ಮುಖಂಡನಿಗೆ ನಮ್ಮ ಕನ್ನಡ ಅರ್ಥ ಆಗ್ಲಿಲ್ಲ, ಆದ್ರೆ ನಮ್ಮ ಮುಖ ನೋಡಿ ಏನೋ ತಪ್ಪಾಗಿದೆ ಅಂತ ಗೊತ್ತಾಯ್ತು. ಹಾಲ್‌ಗೆ ಬನ್ನಿ ಅಂತ ಆಗ್ಲೇ ಎಲ್ಲರಿಗೂ ಹೇಳಾಯ್ತಲ್ಲ ಅಂತ ಸಿಟ್ಟಾದ.

ಮತ್ತೆ ಅಳೆದ್ವಿ. ಈಗ ಹೊಳೆ ಹೊಸ್ತಿಲಿಗೆ ಬಂದಿತ್ತು. ಚಪ್ಪಲಿ ಬಿಟ್ಟು ನೀರಲ್ಲಿ ನಿಂತೆ. ಲಾಕ್ ಟಕ್ ಅಂತು, ಎರಡು ಸಲ ಒತ್ತಿ ನೋಡಿದೆ. ಮೇಲಿಂದ ಸರ್ ಒಂದೊಂದೇ ನಂಬರ್ ಜೋರಾಗಿ ಓದಿ ಬರ್ಕೊಂಡ್ರು. ಕಾಲ ಕೆಳಗಿನ ಮಣ್ಣು ಕದಲ್ತಾ ಇತ್ತು, ಕೋಲು ಮಾತ್ರ ಅಲ್ಲಾಡಿಸ್ಲಿಲ್ಲ.

ಹಳೇ ನೀರು ಮತ್ತೆ ಬಂದ್ರೆ ಹಾಲ್ ಒಳಗೆ ಪಾದ ಮುಳುಗುತ್ತೆ ಅಂತ ಬಂತು. ಸರ್ ಮುಖಂಡನಿಗೆ ಹೇಳಿದ್ರು, ಹಾಲ್ ಬೇಡ, ಮೇಲಿನ ಸ್ಕೂಲು. ತಪ್ಪು ನಮ್ದು ಅಂತಾನೂ ಹೇಳಿದ್ರು. ನನ್ನದು ಅನ್ಲಿಲ್ಲ.

ಅಕ್ಕನ ಗಂಡನ್ನ ಬೆಂಚ್ ಮೇಲೆ ಮಲಗ್ಸಿ ನಾವು ನಾಲ್ಕು ಜನ ಹೊತ್ವಿ. ಏರು ದಾರಿ, ಜಾರೋ ಮಣ್ಣು. ಅಕ್ಕ ಹಿಂದೆ ಛತ್ರಿ ಹಿಡ್ಕೊಂಡು ತಮಿಳಲ್ಲಿ ಬೈತಾನೇ ಬಂದ್ರು. "ಬೆಳಿಗ್ಗೆನೇ ಸರಿಯಾಗಿ ಅಳೆಯೋಕೆ ಏನು ರೋಗ ತಂಬಿ ನಿಂಗೆ?"

ನಾನು ಬೆಂಚನ್ನ ಹೆಗಲಿಗೆ ಸರಿಮಾಡ್ಕೊಂಡು ಹತ್ತಿದೆ.

ಆವತ್ತು ಹಾಲ್‌ಗೆ ನೀರು ಬರ್ಲಿಲ್ಲ. ಅಂಗಡಿಯಲ್ಲಿ ಬೆಂಚಿನ ಎತ್ತರಕ್ಕೆ ಬಂದು ಇಳೀತು. ಸುಮ್ನೆ ಹೊರಿಸಿದ್ರು ಅಂತ ಮುಖಂಡ ಗೊಣಗಿದ. ಗೊಣಗ್ಲಿ ಬಿಡಿ. ಹೊಳೆ ಆವತ್ತು ಅಷ್ಟೆತ್ತರ ಬರ್ಲಿಲ್ಲ, ಅಷ್ಟೇ. ಎರಡನೇ ಸಲ ಅಳೆದಿದ್ದು ಸರಿ.