ತೂಬಿಗೆ ಸಿಕ್ಕ ರೀಲು

ನನ್ನ ಹತ್ತಿರ ಎರಡು ಕ್ಯಾಮರಾಗಳಿವೆ. ಗೋಡೆಯ ಗೂಡಿನಲ್ಲಿ ಒಂದರ ಪಕ್ಕ ಒಂದು ಕೂತಿವೆ. ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಅಲ್ಲಿಂದ ಈಚೆಗೆ ಎರಡನ್ನೂ ಮುಟ್ಟಿಲ್ಲ.

ದೊಡ್ಡದು ಮೊದಲು ಬಂದದ್ದು. ಮಾರಿಕಣಿವೆಯ ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುವುದು ನನ್ನ ಕೆಲಸ. ನಮ್ಮ ಇಂಜಿನಿಯರು ವರ್ಗವಾಗಿ ಹೋಗುವಾಗ ತಮ್ಮ ಕ್ಯಾಮರಾ ನನಗೆ ಬಿಟ್ಟುಕೊಟ್ಟು, ತೂಬು, ಕಾಲುವೆಗಳ ಪಟ ತೆಗೆದು ಕಚೇರಿಗೆ ಒಪ್ಪಿಸುತ್ತಿರು ಎಂದರು. ಮಡಚಿದರೆ ದಪ್ಪ ಪುಸ್ತಕದಷ್ಟು, ತೆರೆದರೆ ಚರ್ಮದ ತಿದಿ ಮುಂದಕ್ಕೆ ಚಾಚುತ್ತದೆ. ಮೂರು ಕಾಲಿನ ಮೇಲೆ ನಿಲ್ಲಿಸಬೇಕು, ಎಷ್ಟು ಅಡಿ ದೂರವೆಂದು ಅಳೆದು ಮುಳ್ಳು ಸರಿಸಬೇಕು, ಕೂತವರು ಅಲುಗಾಡಬಾರದು. ಚಿಕ್ಕದನ್ನು ಬೆಂಗಳೂರಿಗೆ ಹೋದಾಗ ಆಸೆಪಟ್ಟು ತಂದೆ. ಅದು ಕೋಟಿನ ಜೇಬಿನಲ್ಲಿ ಹಿಡಿಸುತ್ತದೆ. ನಡೆದಾಡುತ್ತಲೇ ತೆಗೆದು, ಒತ್ತಿ, ಮತ್ತೆ ಜೇಬಿಗೆ ಹಾಕಬಹುದು. ಎರಡರಲ್ಲೂ ಒಂದು ರೀಲಿಗೆ ಎಂಟು ಪಟ.

ಫಿಲ್ಮನ್ನು ಕಾಗದದ ಮೇಲೆ ಒತ್ತಿಟ್ಟು ಬಿಸಿಲಿಗೆ ಹಿಡಿದು ನಾನೇ ಅಚ್ಚು ಹಾಕುತ್ತಿದ್ದೆ. ಹಾಗಾಗಿ ಫಿಲ್ಮು ಎಷ್ಟಿದೆಯೋ ಪಟವೂ ಅಷ್ಟೇ. ದೊಡ್ಡದರ ಪಟ ಅಂಗೈ ಅಗಲ. ಚಿಕ್ಕದರದು ಬೆಂಕಿಪೆಟ್ಟಿಗೆಗಿಂತ ಕೊಂಚ ಹೆಚ್ಚು. ದೊಡ್ಡದರಲ್ಲಿ ನಮ್ಮ ಅಪ್ಪನದೊಂದು ಪಟ ತೆಗೆದಿದ್ದೆ. ಹಣೆಯ ಮೂರು ಗೆರೆ ವಿಭೂತಿ ಒಣಗಿ ಬಿರಿದದ್ದು, ಹುಬ್ಬಿನ ನರೆಗೂದಲು, ಎಲ್ಲ ಕಾಣುತ್ತಿತ್ತು. ಅಪ್ಪ ನೋಡಿ, ಒಂದು ಕೂದಲನ್ನೂ ಬಿಟ್ಟಿಲ್ಲವಲ್ಲೋ ಎಂದು ನಕ್ಕಿದ್ದರು. ಆ ಕ್ಯಾಮರಾ ಏನನ್ನೂ ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮುಂದಿನದನ್ನು ಮಾಡಿದೆ.

ನಮ್ಮ ಮದುವೆಯಾದ ಮೂರನೇ ವರ್ಷ ಅವಳು ತವರಾದ ಹಿರೇಗುಂಟನೂರಿಗೆ ಹೋಗಿದ್ದಾಗ ಮೈಮೇಲೆ ಸಿಡುಬು ಎದ್ದಿತು. ಅಮ್ಮ ಬಂದಿದ್ದಾಳೆಂದು ಅವಳ ತಾಯಿ ಒಬ್ಬರೇ ಬೇವಿನ ಸೊಪ್ಪು ಹಾಸಿ ಮಲಗಿಸಿ, ಪಕ್ಕ ಬಿಟ್ಟೇಳದೆ ಕೂತು ಉಳಿಸಿಕೊಂಡರು. ನಾನು ಹೊಸಿಲು ದಾಟಲಿಲ್ಲ. ಬರಬೇಡಿರೆಂದು ಅವರೇ ಹೇಳಿ ಕಳಿಸಿದ್ದರು, ಅದು ನನಗೆ ಅನುಕೂಲವೇ ಆಯಿತು. ಅವಳು ತಿರುಗಿ ಬಂದಾಗ ಹಣೆ, ಕೆನ್ನೆ, ಮೂಗಿನ ತುದಿಯವರೆಗೂ ಕುಳಿಗಳು. ಅವಳಿಗೆ ಅದರ ಅಳುಕು ಇರಲಿಲ್ಲ. ಬದುಕಿದ್ದೇ ಅವಳಿಗೆ ಹೆಚ್ಚಾಗಿತ್ತು. ಅಳುಕು ನನ್ನದು. ಕಚೇರಿಯವರು ಮನೆಗೆ ಬಂದರೆ ನೀರು ನಾನೇ ತಂದುಕೊಡುತ್ತಿದ್ದೆ.

ಅಪ್ಪನ ಪಟ ನೋಡಿದಾಗಿನಿಂದ ಅವಳು ಒಂದೇ ಕೇಳುತ್ತಿದ್ದಳು. ತನ್ನದೂ ಅಂಥದ್ದೊಂದು ತೆಗೆಯಬೇಕು, ಹಿರೇಗುಂಟನೂರಿಗೆ ಕಳಿಸಬೇಕು. "ಅವ್ವ ಉಳಿಸಿದ ಮುಖ. ಅವ್ವನ ಮನೇಲೊಂದು ಇರ್ಲಿ."

ಒಂದು ಭಾನುವಾರ ಅವಳು ತಲೆ ಬಾಚಿ, ಇಳಕಲ್ ಸೀರೆ ಉಟ್ಟು, ಜಗುಲಿಯ ಮೇಲೆ ಬಂದು ಕೂತಳು. ನಾನು ಜೇಬಿನಿಂದ ಚಿಕ್ಕದನ್ನು ತೆಗೆದೆ. ಅವಳ ಮುಖ ಇಳಿಯಿತು. ದೊಡ್ಡದರಲ್ಲಿ ರೀಲು ಮುಗಿದಿದೆ ಎಂದೆ. ಇದೇ ಹೊಸ ತರಹದ್ದು, ಬೆಂಗಳೂರಲ್ಲಿ ಎಲ್ಲರೂ ಇದರಲ್ಲೇ ತೆಗೆಸುತ್ತಾರೆ ಎಂದೂ ಸೇರಿಸಿದೆ. ಬಿಸಿಲಿನಿಂದ ಎಬ್ಬಿಸಿ ನೆರಳಿಗೆ ಕೂರಿಸಿ, ಎರಡು ಮಾರು ದೂರ ನಿಂತು ಒತ್ತಿದೆ. ದೊಡ್ಡದರಲ್ಲಿ ಮೊದಲ ಪಟವನ್ನೂ ತೆಗೆಯದ ತುಂಬು ರೀಲು ಇತ್ತು.

ಅಚ್ಚು ಬಂದಾಗ ನಾನು ಅಂದುಕೊಂಡಂತೆಯೇ ಆಗಿತ್ತು. ಹೆಸರುಬೇಳೆಯಷ್ಟು ಮುಖ, ಒಂದು ಕಲೆಯಿಲ್ಲ. ಎಷ್ಟು ಚೆನ್ನಾಗಿ ಬಂದಿದೆ ನೋಡು ಎಂದು ಕೊಟ್ಟೆ. ಅವಳು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಚೆನ್ನಾಗೈತೆ," ಎಂದಳು. "ಯಾರ್ದು?"

ನಾನು ನಕ್ಕೆ. ಅವಳೂ ನಕ್ಕಳು. ಆ ಪಟವನ್ನು ತವರಿಗೆ ಕಳಿಸಲಿಲ್ಲ, ಸೀರೆ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ನಾಲ್ಕು ದಿನ ಕಳೆದು ಕಚೇರಿಯಿಂದ ಅಪ್ಪಣೆ ಬಂತು. ದೊಡ್ಡ ಕ್ಯಾಮರಾ ಹೊತ್ತು ಕಾಲುವೆ ಮೇಲೆ ಹೋಗಿ ತೂಬಿನ ಪಟಗಳನ್ನು ತೆಗೆದೆ. ಅಚ್ಚುಗಳನ್ನು ಅಂಗಳದಲ್ಲಿ ಒಣಗಲು ಹಾಕಿದ್ದೆ. ಅವಳು ಕಸ ಗುಡಿಸುತ್ತಾ ಬಂದವಳು ಬಗ್ಗಿ ಒಂದೊಂದನ್ನೇ ನೋಡಿದಳು. ಕಲ್ಲಿನ ಮೇಲೆ ಉಳಿ ಬಿದ್ದ ಗುರುತುಗಳು ಕೂಡ ಎಣಿಸುವಷ್ಟು ಸ್ಪಷ್ಟವಾಗಿದ್ದವು.

"ತೂಬಿಗೆ ರೀಲು ಸಿಕ್ತೇನ್ರಿ?" ಎಂದಳು.

ಹಿರಿಯೂರಿನಿಂದ ಹೊಸದು ತರಿಸಿದೆ ಎನ್ನಬಹುದಿತ್ತು. ಅವಳು ಪಟಗಳ ಸುತ್ತ ಹುಷಾರಾಗಿ ಗುಡಿಸಿ ಒಳಗೆ ಹೋದಳು. ಮತ್ತೆಂದೂ ಪಟದ ಮಾತು ಎತ್ತಲಿಲ್ಲ. ನಾನಾದರೂ ಎತ್ತಬಹುದಿತ್ತು. ಆಮೇಲೆ ಮೂರು ವರ್ಷ ಒಂದೇ ಸೂರಿನ ಕೆಳಗಿದ್ದೆವು, ಭಾನುವಾರಗಳೇನು ಕಡಿಮೆಯಿರಲಿಲ್ಲ.

ಜ್ವರ ಬಂದು ಎಂಟೇ ದಿನಕ್ಕೆ ಹೋದಳು. ಹನ್ನೊಂದನೇ ದಿನಕ್ಕೆ ಬಂದಿದ್ದ ಅತ್ತೆ ಹೊರಡುವಾಗ, ಮಗಳದೊಂದು ಪಟ ಇದ್ದರೆ ಕೊಡಿರೆಂದು ಕೇಳಿದರು. ಅವರಿಗೆ ಕಣ್ಣು ಮಂಜಾಗಿತ್ತು. ಆ ಚೂರು ಪಟ ಅವರಿಗೆ ಕಾಣದು. ದೊಡ್ಡದು ಮಾಡಿಸಿ ತರುತ್ತೇನೆ ಎಂದೆ.

ಚಿತ್ರದುರ್ಗದಲ್ಲಿ ಪಟದ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿದರು. ದೊಡ್ಡದೇನೋ ಮಾಡುತ್ತೇನೆ, ಆದರೆ ಇದರಲ್ಲಿ ಇಲ್ಲದ್ದನ್ನು ನಾನು ಎಲ್ಲಿಂದ ತರಲಿ ಎಂದರು. ಒಂದು ವಾರ ಬಿಟ್ಟು ಹೋದರೆ ಸ್ಲೇಟಿನಷ್ಟು ಪಟ ಸಿದ್ಧವಾಗಿತ್ತು. ಮುಖವೆಲ್ಲ ಮರಳು ಉದುರಿಸಿದ ಹಾಗೆ. ಕಣ್ಣು, ಹುಬ್ಬು ಕುಂಚದಿಂದ ತಿದ್ದಿದ್ದರು. ಕೆನ್ನೆ ನುಣ್ಣಗಿತ್ತು.

ಅದನ್ನೇ ಹಿರೇಗುಂಟನೂರಿಗೆ ಒಯ್ದೆ. ಅತ್ತೆ ಬಾಗಿಲ ಬೆಳಕಿಗೆ ಬಂದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಸೆರಗಿನಿಂದ ಒರೆಸಿ ಮತ್ತೆ ನೋಡಿದರು. ಆಮೇಲೆ ಕೆನ್ನೆಯ ಮೇಲೆ ಬೆರಳಾಡಿಸಿದರು.

"ಇದು ಅಮ್ಮ ಬರೋಕೆ ಮುಂಚಿಂದೇನ್ರಿ?"

ಹೌದು ಎಂದರೆ ಮುಗಿಯುತ್ತದೆ ಅಂದುಕೊಂಡೆ. ಹೌದೆಂದು ಹೇಳಿಯೂ ಬಿಟ್ಟೆ.

"ಹಂಗಾದ್ರೆ ಆಮ್ಯಾಲಿಂದು ಕೊಡ್ರಿ. ಇವಳು ನನಗೆ ಮರೆತೋಗ್ಯಾಳೆ. ನನ್ನ ಕೈಯಾಗೆ ಎದ್ದೋಳ ಮುಖ ಬೇಕು."

ಬೇರೆ ಇಲ್ಲ ಅತ್ತೆ, ಎಂದೆ. ಇದೂ ಆಮೇಲಿನದೇ. ಕಲೆ ಕಾಣಬಾರದೆಂದು ಚಿಕ್ಕದರಲ್ಲಿ ತೆಗೆದೆ, ಅವಳು ದೊಡ್ಡದರಲ್ಲಿ ಕೇಳಿದ್ದಳು. ಅವರು ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ಅಂದು ಮಗಳ ಕುಳಿಗಳಿಗೆ ಅರಿಶಿನ ಹಚ್ಚಿದ ಬೆರಳುಗಳನ್ನು ಪಟದ ಮೇಲಿಂದ ತೆಗೆದು, ಅದನ್ನು ನನ್ನ ಕಡೆ ಸರಿಸಿದರು.

"ಇದು ನಿಮ್ಮತ್ರನೇ ಇರ್ಲಿ ಬಿಡ್ರಿ," ಎಂದರು. "ಇವಳು ನಿಮಗೆ ಬೇಕಾಗಿದ್ದೋಳು."

ಮಜ್ಜಿಗೆ ಕೊಟ್ಟರು. ಕುಡಿದೆ. ಆ ಪಟ ಜೇಬಿಗೆ ಹಿಡಿಸುವಂಥದ್ದಲ್ಲ, ಕೈಯಲ್ಲೇ ಹಿಡಿದುಕೊಂಡು ಊರ ನಡುವೆ ಬರಬೇಕಾಯಿತು. ಬರುವಾಗ ಮುಖವನ್ನು ನನ್ನ ಎದೆಯ ಕಡೆಗೆ ತಿರುಗಿಸಿ ಹಿಡಿದಿದ್ದೆ.